ಅಜ್ಜ ಬಿಟ್ಟುಹೋದ 41 ಮಳೆ ಡೈರಿಗಳು, ಏನು ಮಾಡೋದು ಹೇಳಿ

ಹಿನ್ನೀರು_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದರೆ ಓದಿ.

ಹೋದ ವರ್ಷ ಆಷಾಢದಲ್ಲಿ ನಮ್ಮ ಅಜ್ಜ ತೀರಿಕೊಂಡ. ಎಂಬತ್ತಾರು ವರ್ಷ ಆಗಿತ್ತು. (ನಮ್ಮನೆಯಲ್ಲಿ ಅಜ್ಜನಿಗೂ ಅಪ್ಪನಿಗೂ 'ಅವನು' ಅಂತಲೇ ಹೇಳೋದು. ಗೌರವ ಇಲ್ಲ ಅಂತ ಯಾರೂ ಬಯ್ಯಬೇಡಿ.) ಊರು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರಿಗೆ ಹೋದವರಿಗೆ ಗೊತ್ತಿರುತ್ತೆ, ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ನಿಮಗೆ ಅದು ಒಂದು ದಿನದ ಮಜಾ. ನಮಗೆ ಸಂಜೆ ಲಾಂಚ್ ನಿಂತರೆ ಆಸ್ಪತ್ರೆಯೂ ಇಲ್ಲ, ಊರೂ ಇಲ್ಲ. ಸೇತುವೆ ಆದಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ಸಲ ನಡೆದುಕೊಂಡೇ ಹೋಗಬೇಕು ಅಂತ ಅಜ್ಜನಿಗೆ ತುಂಬಾ ಆಸೆ ಇತ್ತು. ಎರಡು ಕಿಲೋಮೀಟರಿಗೂ ಜಾಸ್ತಿ ಇದೆ, ನಿನ್ನ ಕೈಲಿ ಆಗೋದಿಲ್ಲ ಅಂದರೆ 'ನಡುವೆ ಕೂತ್ಕಂಡು ಹೋಗ್ತೆ' ಅಂತಿದ್ದ. ಹದಿಮೂರನೇ ದಿನದ ಊಟಕ್ಕೆ ಬಂದವರೆಲ್ಲ ಲಾಂಚಿನಲ್ಲೇ ಬಂದರು. ಅದಾಗಿ ಎರಡೇ ದಿನಕ್ಕೆ, 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು.

ಈಗ ವಿಷಯ ಏನು ಅಂದರೆ, ವರ್ಷಾಂತ ಹತ್ತಿರ ಬರ್ತಿದೆ. ಈ ವರ್ಷ ಅಧಿಕ ಜ್ಯೇಷ್ಠ ಇರೋದರಿಂದ ಹದಿಮೂರು ತಿಂಗಳಿಗೆ ಬರುತ್ತೆ. ಅಷ್ಟರೊಳಗೆ 'ಏನಾದರೂ ನೆನಪಿಗೆ ಮಾಡಬೇಕು' ಅಂತ ಮನೆಯಲ್ಲಿ ಮಾತು ಶುರುವಾಗಿದೆ. ದೊಡ್ಡಪ್ಪನಿಗೆ ಬಸ್ ನಿಲ್ಲುವ ಕಡೆ ಹೆಸರು ಕೆತ್ತಿಸಿದ ಒಂದು ಕಲ್ಲು ಬೆಂಚು ಹಾಕಿಸೋಣ ಅಂತ. ಅತ್ತೆಗೆ ಒಂದು ನೆನಪಿನ ಪುಸ್ತಕ ಮಾಡಿ ಬಂದವರಿಗೆಲ್ಲ ಹಂಚೋಣ ಅಂತ. ಅಪ್ಪ ಏನೂ ಹೇಳಲ್ಲ, ತೋಟಕ್ಕೆ ಹೋಗ್ತಾನೆ.

ನನ್ನ ತಲೆಯಲ್ಲಿ ಇರೋದು ಅಜ್ಜನ ಡೈರಿಗಳು. ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಡ್ತಾರಲ್ಲ, ಆ ಡೈರಿ. 1971ರಿಂದ 2025ರವರೆಗೆ, ನಡುವೆ ಕೆಲವು ವರ್ಷ ಇಲ್ಲ, ಒಟ್ಟು 41 ಸಿಕ್ಕಿದೆ. ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿ ಇದ್ದವು. ಕೆಳಗಿನ ಆರೇಳಕ್ಕೆ ಒರಲೆ ಹಿಡಿದಿದೆ (ಗೆದ್ದಲು ಅನ್ನಿ), ಮೂಲೆಗಳೆಲ್ಲ ಪುಡಿಪುಡಿ.

ಡೈರಿ ಅಂದರೆ ಮನಸ್ಸಿನ ಮಾತು ಬರೆದಿರ್ತಾನೆ ಅಂತ ಅಂದುಕೊಂಡು ತೆಗೆದೆ. ಇಲ್ಲ. ಬರೀ ಮಳೆ. ಮಳೆ ಎಷ್ಟು ಇಂಚು, ಲಿಂಗನಮಕ್ಕಿ ಡ್ಯಾಂ ಮಟ್ಟ ಎಷ್ಟು ಅಡಿ, ಕೆಲಸಕ್ಕೆ ಯಾರು ಬಂದರು, ಅಡಿಕೆ ರೇಟು. ಒಂದು ಪುಟ ಹಾಗೇ ಬರೀತೀನಿ ನೋಡಿ:

'ಮಳೆ 4¼. ಡ್ಯಾಂ 1771. ಔಷಧಿ ಹೊಡೆಯಲಾಗಲಿಲ್ಲ. ಕೆಂಪಿ ಕರು ಹಾಕಿತು, ಹೆಣ್ಣು.'

ನಾನು ಹುಟ್ಟಿದ ದಿನ ಹುಡುಕಿದೆ, ಹುಡುಕದೇ ಇರೋಕೆ ಆಗುತ್ತಾ. 'ಸಾಗರದಿಂದ ಫೋನ್. ಹೆಣ್ಣು. ಇಬ್ಬರೂ ಆರಾಮ. ಮಳೆ 2.' ಕರುವಿಗೂ ನನಗೂ ಒಂದೇ ಸಾಲು. ಅತ್ತೆಯ ಮದುವೆ ದಿನ 'ಮದುವೆ. ಮಳೆ ಇಲ್ಲ.' ಅಷ್ಟೇ!

ಇನ್ನೂ ಎರಡು ವಿಷಯ ಇದೆ. ಒಂದು, ಪ್ರತಿ ಡೈರಿಯ ಕೊನೆ ಪುಟಗಳಲ್ಲಿ ಯಾರಿಗೆ ಎಷ್ಟು ಸಾಲ ಕೊಟ್ಟಿದ್ದು ಅಂತ ಪಟ್ಟಿ. ಮುಂದೆ ಕೆಲವಕ್ಕೆ 'ಬಂತು' ಅಂತ, ಕೆಲವಕ್ಕೆ 'ಇರಲಿ' ಅಂತ. 'ಇರಲಿ' ಜಾಸ್ತಿ ಇದೆ. ಆ ಮನೆಯವರು ಇವತ್ತಿಗೂ ಊರಲ್ಲೇ ಇದ್ದಾರೆ. ಪುಸ್ತಕ ಮಾಡಿದರೆ ಇದನ್ನ ಏನು ಮಾಡೋದು?

ಇನ್ನೊಂದು, ಕೆಲವು ವರ್ಷ ಬೇಸಿಗೆಯಲ್ಲಿ ಮಾತ್ರ 'ಹೋ. ಬಂ.' ಅಂತ ಬರೆದಿದ್ದಾನೆ. ಅಪ್ಪನಿಗೂ ಗೊತ್ತಿಲ್ಲ. 'ಹೋರಿ ಬಂತು' ಇರಬೇಕು ಅಂತ ದೊಡ್ಡಪ್ಪ. ಅಷ್ಟು ಹೋರಿ ನಮ್ಮ ಕೊಟ್ಟಿಗೆಗೆ ಬಂದಿದ್ದು ನನಗಂತೂ ನೆನಪಿಲ್ಲ.

ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ? ಅಜ್ಜ ಹೋದಮೇಲೆ ಅವನ ಸಾಮಾನು, ಅವನ ನೆನಪು, ಎಲ್ಲಿ ಇಟ್ಟಿರಿ?


ಕೀ_ಕೊಡೋ_ವಾಚು:

ಮೊದಲು ಬೆಂಚಿನ ವಿಷಯ ಹೇಳಿಬಿಡ್ತೀನಿ. ನಮ್ಮೂರಲ್ಲಿ ಅಂಥವು ಮೂರು ಇವೆ. ಕೂತವರು ಹೆಸರನ್ನ ಮುಚ್ಚಿಕೊಂಡೇ ಕೂರ್ತಾರೆ. ದೊಡ್ಡಪ್ಪನಿಗೆ ಬೇಜಾರಾಗದ ಹಾಗೆ ಹೇಳಿ.

ನಮ್ಮದು ತುಮಕೂರು. ನಿಮ್ಮಲ್ಲಿ 'ಅವನು' ಅಂದರೆ ನಮ್ಮಲ್ಲಿ 'ತಾತ ಬಂತು, ತಾತ ಉಣ್ತು'. ಅದೂ ಪ್ರೀತಿನೇ, ಹೊರಗಿನವರಿಗೆ ಅರ್ಥ ಆಗಲ್ಲ. ಇಲ್ಲಿ ಬರೆಯುವಾಗ ಮಾತ್ರ 'ರು' ಹಾಕ್ತೀನಿ. ತಾತ ಎಚ್‌ಎಂಟಿಯಲ್ಲಿದ್ದರು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚು ಮಾಡೋಕೆ ಶುರು ಮಾಡಿದರಲ್ಲ, ಆಮೇಲೆ 1978ರಲ್ಲಿ ತುಮಕೂರಲ್ಲೂ ಫ್ಯಾಕ್ಟರಿ ಆಯ್ತು. ತಾತ ಇಲ್ಲಿ ಶುರುವಾದಾಗಲೇ ಸೇರಿದ್ದು. 2016ರಲ್ಲಿ ಬಾಗಿಲು ಹಾಕ್ತಾರೆ ಅನ್ನೋ ಸುದ್ದಿ ಬಂದಾಗ ತಾತ ರಿಟೈರ್ ಆಗಿ ವರ್ಷಗಳೇ ಆಗಿತ್ತು. ಆದರೂ ಆವತ್ತು ಪೇಪರ್ ಮಡಚಿ ಪಕ್ಕಕ್ಕಿಟ್ಟು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಊಟ ಮಾತ್ರ ಸರಿಯಾಗಿ ಒಂದು ಗಂಟೆಗೇ.

ಅವರ ಕೈಯಲ್ಲಿದ್ದದ್ದು ಜನತಾ. ಕೀ ಕೊಡೋ ವಾಚು, 17 ಜ್ಯುವೆಲ್. ಬೆಳಗ್ಗೆ ಕಾಫಿಗೆ ಮುಂಚೆ ಹಾಸಿಗೆ ಮೇಲೇ ಕೂತು ಕೀ ಕೊಡೋರು. ಹೆಬ್ಬೆರಳು ತೋರುಬೆರಳಲ್ಲಿ ಟಿಕ್ ಟಿಕ್ ಟಿಕ್ ಅಂತ, ಕೊನೆಗೆ ಬಿಗಿ ಆಯ್ತು ಅನ್ನೋವಾಗ ಕಣ್ಣು ಮುಚ್ಚಿ ನಿಲ್ಲಿಸೋರು. ಜಾಸ್ತಿ ತಿರುಗಿಸಿದರೆ ಸ್ಪ್ರಿಂಗ್ ಹೋಗುತ್ತೆ ಅಂತ ನನ್ನ ಕೈಗೆ ಕೊಡ್ತಾನೇ ಇರಲಿಲ್ಲ.

ಹೋದಮೇಲೆ ಅಪ್ಪ ಅದನ್ನ ಒಂದು ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟುಬಿಟ್ಟರು. ಎರಡು ವರ್ಷ ಆದಮೇಲೆ ತೆಗೆದರೆ ಓಡ್ತಿಲ್ಲ. ಪೇಟೆಯಲ್ಲಿ ಒಬ್ಬರು ಹಳೇ ರಿಪೇರಿಯವರಿದ್ದಾರೆ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಿಚ್ಚಿ ನೋಡಿ ನನಗೇ ಬೈದರು. ಕೆಟ್ಟಿಲ್ಲ, ಓಡಿಸದೆ ಇಟ್ಟು ಒಳಗಿನ ಎಣ್ಣೆ ಗಟ್ಟಿ ಮಾಡಿದ್ದೀರ ಅಂದರು. ತೊಳೆದು ಎಣ್ಣೆ ಬಿಟ್ಟು ಕೊಟ್ಟರು. ಈಗ ನಾನೇ ಕಟ್ಕೋತೀನಿ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ. ಆಫೀಸಿಗೆ ಲೇಟಾದರೆ ತಾತನ ಮೇಲೆ ಹಾಕ್ತೀನಿ.

ಇನ್ನು ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಿ. ಬಾಡೂಟ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಈ ವಾಚು. ಧೂಪ ಹಾಕಿ ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ಜಗಲಿ ಮೇಲೆ ಕೂರ್ತೀವಿ. ಹೋದ ಸಲ ಅಪ್ಪ ಬಾಗಿಲು ತಟ್ಟಿ ಒಳಗೆ ಹೋದವರು ವಾಚು ನಿಂತುಹೋಗಿದೆ ಅಂತ ಗಾಬರಿಯಾಗಿ ಬಂದರು. ಆವತ್ತು ಬೆಳಗ್ಗೆ ಗಡಿಬಿಡಿಯಲ್ಲಿ ನಾನೇ ಕೀ ಕೊಟ್ಟಿರಲಿಲ್ಲ. ಹೇಳಲಿಲ್ಲ. ಅಪ್ಪ ಇವತ್ತಿಗೂ ತಾತ ಬಂದು ನಿಲ್ಲಿಸಿದರು ಅಂತಲೇ ಎಲ್ಲರಿಗೂ ಹೇಳ್ತಾರೆ.

ನಿಮ್ಮ ಡೈರಿ ಅಟ್ಟಕ್ಕೆ ವಾಪಸ್ ಹೋಗಬಾರದು. ಅಷ್ಟೇ ನನ್ನ ಮಾತು.


ಹೇಳೋದನ್ನ_ಹೇಳ್ತೀನಿ:

ಸ್ವಲ್ಪ ಕಹಿ ಅನ್ನಿಸಬಹುದು. ನೆನಪಿನ ಪುಸ್ತಕ ಮಾಡಬೇಡಿ. ನಮ್ಮ ಮನೆಯಲ್ಲಿ ಮಾಡಿದರು. ಹೊಳೆಯೋ ಕಾಗದ, ಮೊದಲ ಪುಟದಲ್ಲಿ ಹಾರ ಹಾಕಿದ ಫೋಟೋ, ಒಳಗೆ ಮೂವತ್ತು ಜನ ಬರೆದ ಮೂವತ್ತು ಲೇಖನ, ಮೂವತ್ತರಲ್ಲೂ 'ದೇವರಂಥ ಮನುಷ್ಯ'. ಓದಿದರೆ ಇದು ಯಾರ ತಾತ ಅಂತಲೇ ಗೊತ್ತಾಗಲ್ಲ. ಹೆಸರು ಬದಲಾಯಿಸಿದರೆ ಪಕ್ಕದ ಮನೆಯವರ ತಾತನಿಗೂ ನಡೆಯುತ್ತೆ.

ನಮ್ಮ ತಾತ ಸೋದರತ್ತೆಯನ್ನ ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಓದಿನಲ್ಲಿ ಅಪ್ಪನಿಗಿಂತ ಅತ್ತೆನೇ ಚುರುಕಿದ್ದಳಂತೆ. ಕಾರ್ಯದ ದಿನ ಎಲ್ಲರೂ ಮೈಕ್ ಹಿಡಿದು ಮಾತಾಡಿದರು. ಅತ್ತೆ ಅಡುಗೆಮನೆಯಲ್ಲಿ ಹೋಳಿಗೆ ಹೂರಣ ಉಂಡೆ ಕಟ್ತಾ ಕೂತಿದ್ದಳು, ಹೊರಗೆ ಬರಲೇ ಇಲ್ಲ. ಆಮೇಲೆ ನಾನು ಕೇಳಿದೆ, ನೀನ್ಯಾಕೆ ಏನೂ ಮಾತಾಡಲಿಲ್ಲ ಅಂತ. 'ನಾನು ಮಾತಾಡಿದ್ದರೆ ಮೈಕ್ ಕಿತ್ಕೋತಿದ್ದರು' ಅಂತ ನಕ್ಕಳು.

ಅದೇ ತಾತ ನನಗೆ ಸೈಕಲ್ ಕಲಿಸಿದ್ದು. ಸೀಟಿನ ಹಿಂದೆ ಹಿಡ್ಕೊಂಡು ಕೆರೆ ಏರಿ ಮೇಲೆ ಪಂಚೆ ಎತ್ತಿ ಕಟ್ಟಿ ಓಡಿದ್ದರು, ಹೆಣ್ಣುಮಗುಗೆ ಸೈಕಲ್ ಯಾಕೆ ಅಂದವರಿಗೆ ತಿರುಗಿ ಬೈದಿದ್ದರು. ಮಗಳಿಗೆ ಬೇಡ ಅಂದಿದ್ದನ್ನ ಮೊಮ್ಮಗಳಿಗೆ ಯಾಕೆ ಕೊಟ್ಟರು ಅಂತ ನಾನು ಕೇಳಲಿಲ್ಲ, ಕೇಳೋ ವಯಸ್ಸು ಬರೋ ಹೊತ್ತಿಗೆ ಅವರಿರಲಿಲ್ಲ. ಎರಡೂ ಅವರೇ. ಬರೆದರೆ ಎರಡೂ ಬರೀರಿ, ಇಲ್ಲಾ ಅಂದರೆ ಸುಮ್ನೆ ಊಟ ಹಾಕಿ ಕಳಿಸಿ.

ಸಾಲದ ಪಟ್ಟಿ ಮಾತ್ರ ಅಚ್ಚು ಹಾಕಿಸಬೇಡಿ. 'ಇರಲಿ' ಅಂತ ಅವರೇ ಬರೆದು ಮುಗಿಸಿದ್ದಾರಲ್ವಾ. ಇಷ್ಟು ವರ್ಷ ಆದಮೇಲೆ ನೀವು ಅದನ್ನ ತೆಗೆದು ಊರಿಗೆ ಹಂಚಿದರೆ ಅಜ್ಜನ ಒಳ್ಳೆತನ ಕಾಣುತ್ತೆ, ಇನ್ನೊಬ್ಬರ ಬಡತನವೂ ಕಾಣುತ್ತೆ.


ಎರಿ_ಹೊಲ:

ಹಿನ್ನೀರು ತಂಗಿ, ನಿನ್ನ 41 ಡೈರಿ ನೋಡಿ ಹೊಟ್ಟಿಕಿಚ್ಚು ಆಯ್ತು. ನಮ್ಮ ಮುತ್ಯಾನಿಗೆ ಓದು ಬರಹ ಇರಲಿಲ್ಲ. ಸೊಸೈಟಿಯಲ್ಲಿ ಹೆಬ್ಬೆಟ್ಟು. ಒಂದು ಅಕ್ಷರ ಬಿಟ್ಟುಹೋಗಿಲ್ಲ.

ನಾವು ವಿಜಯಪುರ ಜಿಲ್ಲೆಯವರು. ಎರಿ ಹೊಲ, ಹಿಂಗಾರಿ ಬಿಳಿಜೋಳ. ಮುತ್ಯಾ ಮಣ್ಣು ಹಿಡಿದು ಮುಷ್ಟಿ ಕಟ್ಟಿ ಬಿಡುತ್ತಿದ್ದ, ಉಂಡಿ ಒಡೆದರೆ ಇನ್ನೂ ಬಿತ್ತಬಾರದು, ಒಡೆಯದೇ ನಿಂತರೆ ಹಸಿ ಇದೆ, ಬಿತ್ತು. ಇದು ನನಗೆ ಗೊತ್ತು. ಆದರೆ ಎಷ್ಟು ಒತ್ತಿ ಹಿಡಿಯಬೇಕು ಅನ್ನೋದು ಗೊತ್ತಿಲ್ಲ. ನಾನು ಹಿಡಿದರೆ ಪ್ರತಿ ಸಲ ಒಂದೊಂದು ಥರ ಬರುತ್ತೆ. ಅದು ಅವನ ಕೈಯಲ್ಲೇ ಹೋಯ್ತು.

ಅವನು ತೀರಿಕೊಂಡದ್ದು ದೀಪಾವಳಿ ಆದಮೇಲೆ. ನಮ್ಮ ಹೊಲದಲ್ಲೇ ಮಣ್ಣು ಕೊಟ್ಟೆವು. ಒಂದೆರಡು ತಿಂಗಳಿಗೆ ಎಳ್ಳ ಅಮಾವಾಸ್ಯೆ ಬಂತು. ನಿಮ್ಮ ಕಡೆ ಇದು ಇಲ್ಲ ಅನ್ನಿಸುತ್ತೆ. ಆವತ್ತು ಮನೆಮಂದಿ, ಬೀಗರು, ಗೆಳೆಯರು ಎಲ್ಲರೂ ಬಂಡಿ ಕಟ್ಟಿಕೊಂಡು (ಈಗ ಟ್ರ್ಯಾಕ್ಟರ್ ಅನ್ನಿ) ಹೊಲಕ್ಕೆ ಹೋಗಿ ಉಣ್ಣೋದು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗಿ. ಊಟಕ್ಕೆ ಮೊದಲು ಮನೆಯ ಹಿರಿಯ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾ ಹೋಗಬೇಕು. ಚರಗ ಚೆಲ್ಲೋದು ಅಂತೀವಿ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸೋದು.

ಮುತ್ಯಾ ಇದ್ದಾಗ ಯಾರೂ ಯೋಚನೆಯನ್ನೇ ಮಾಡಿರಲಿಲ್ಲ. ಆ ವರ್ಷ ಬುಟ್ಟಿ ಇಳಿಸಿ ಎಲ್ಲರೂ ನಿಂತೆವು. ಅಪ್ಪ ಕಾಕಾನ ಮುಖ ನೋಡಿದ, ಕಾಕಾ ಅಪ್ಪನ ಮುಖ ನೋಡಿದ. ಒಬ್ಬರೂ ಮುಂದೆ ಬರಲಿಲ್ಲ. ಬಿಸಿಲಿನಲ್ಲಿ ರೊಟ್ಟಿ ಒಣಗ್ತಾ ಇತ್ತು. ಕೊನೆಗೆ ಅಮ್ಮ (ಮುತ್ಯಾನ ಹೆಂಡತಿ, ನಾವು ಅಮ್ಮ ಅಂತಲೇ ಕರೆಯೋದು) ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿ ತಗೊಂಡು, ಯಾರನ್ನೂ ಕೇಳದೇ ನಡೆದುಬಿಟ್ಟಳು. ಹೆಣ್ಣುಮಕ್ಕಳು ಚರಗ ಚೆಲ್ಲಿದ್ದು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ಎಂಟು ಎಕರೆ ಸುತ್ತು ಹಾಕಿ ಬಂದಳು. ಅವನಿಗೆ ಮಣ್ಣು ಕೊಟ್ಟ ಜಾಗಕ್ಕೆ ಬಂದಾಗ ಮಾತ್ರ ಚೆಲ್ಲಲಿಲ್ಲ, ಬಗ್ಗಿ ಎರಡೂ ಕೈಯಿಂದ ಇಟ್ಟಳು, ಬಡಿಸಿದ ಹಾಗೆ. ಮ್ಯಾಲೆ ಒಂದು ಹಸಿ ಉಳ್ಳಾಗಡ್ಡಿ. ಅದಿಲ್ಲದೇ ಅವನು ಉಣ್ಣುತ್ತಿರಲಿಲ್ಲ.

ಈಗ ಪ್ರತಿ ವರ್ಷ ಅವಳೇ ಹೋಗೋದು. ನಾನು ಹಿಂದೆ ನೀರಿನ ತಂಬಿಗೆ ಹಿಡಿದುಕೊಂಡು ಹೋಗ್ತೀನಿ. ನಿನ್ನ ಪ್ರಶ್ನೆಗೆ ಉತ್ತರ ಇದೇನಾ ಗೊತ್ತಿಲ್ಲ. ಕೇಳಿದೆಯಲ್ಲ, ಹೇಳಿದೆ.


ಮಳೆ_ಲೆಕ್ಕ:

ನಾನು ಡೈರಿ ಬಗ್ಗೆ ಮಾತ್ರ ಹೇಳ್ತೀನಿ. ಅವು ಭಾವನೆಗೆ ಅಷ್ಟೇ ಅಲ್ಲ, ನಿಜವಾಗಲೂ ಬೆಲೆ ಇರೋ ವಸ್ತು. ಈಗ ಪಂಚಾಯಿತಿಗೊಂದರಂತೆ ಮಳೆ ಅಳೆಯೋ ಯಂತ್ರ ಇದೆ, ಮೊಬೈಲಲ್ಲೇ ನೋಡಬಹುದು. ಆದರೆ 1970, 80ರ ದಶಕದಲ್ಲಿ ನಿಮ್ಮಂಥ ಮೂಲೆಯ ಊರಿನಲ್ಲಿ ದಿನಾ ಮಳೆ ಬರೆದಿಟ್ಟವರು ಅಂದರೆ ಇಂಥ ಅಜ್ಜಂದಿರೇ. ಮಲೆನಾಡಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ತಾಲ್ಲೂಕು ಕೇಂದ್ರದ ಅಂಕಿಯಿಂದ ನಿಮ್ಮ ತೋಟದ ಮಳೆ ಗೊತ್ತಾಗೋದಿಲ್ಲ.

ಮೊದಲು ಅವನ್ನ ಉಳಿಸಿಕೊಳ್ಳಿ. ಒರಲೆ ಹಿಡಿದದ್ದನ್ನ ಬೇರೆ ಇಡಿ, ಒಳ್ಳೆಯವುಗಳ ಜೊತೆ ಬೇಡ. ಬಿರುಬಿಸಿಲಿಗೆ ಹರವಬೇಡಿ, ಕಾಗದ ಗರಿಗರಿಯಾಗಿ ಮುರಿಯುತ್ತೆ. ನೆರಳಲ್ಲಿ, ಗಾಳಿ ಆಡೋ ಕಡೆ ಬಿಚ್ಚಿಡಿ, ಮೆತ್ತಗಿನ ಬ್ರಷ್‌ನಲ್ಲಿ ಮಣ್ಣು ಉದುರಿಸಿ. ಹರಿದಿದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಳ್ಳೆದು ಮಾಡೋಕೆ ಹೋಗಿ ಹಾಳು ಮಾಡಿದ ಹಾಗೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ನಿಮ್ಮ ಮಳೆಗಾಲಕ್ಕೆ ಒಳಗೇ ಬೂಸ್ಟು ಬರುತ್ತೆ. ಆಮೇಲೆ ಕಿಟಕಿ ಪಕ್ಕ ಮೇಜು ಹಾಕಿಕೊಂಡು, ಫ್ಲ್ಯಾಶ್ ಇಲ್ಲದೆ ಹಗಲು ಬೆಳಕಲ್ಲಿ, ಮೊದಲ ಪುಟದಿಂದ ಕೊನೆ ಪುಟದವರೆಗೆ ಕ್ರಮವಾಗಿ ಫೋಟೋ ತೆಗೀರಿ. ಖಾಲಿ ಪುಟವನ್ನೂ ಬಿಡಬೇಡಿ. ಎರಡು ಬೇರೆ ಬೇರೆ ಕಡೆ ಇಡಿ.

ಇನ್ನು ಮನೆಯವರನ್ನ ಕೇಳಬೇಕಾದ್ದು: ಅಜ್ಜ ಯಾವುದರಲ್ಲಿ ಅಳೀತಿದ್ದರು? ಅದನ್ನ ಎಲ್ಲಿ ಇಟ್ಟಿದ್ದರು, ಅಂಗಳದ ನಡುವೆನಾ, ಸೂರಿನ ಹತ್ತಿರನಾ? ಎಷ್ಟು ಗಂಟೆಗೆ ನೋಡ್ತಿದ್ದರು? ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಲೆಕ್ಕ ತೆಗೆಯೋದು. ಅಜ್ಜನ ಹೊತ್ತು ಗೊತ್ತಾದರೆ ಹೋಲಿಸೋಕೆ ಆಗುತ್ತೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಹಾಗೇ ಬದಲಾಯಿಸಿಕೊಳ್ಳಬಹುದು. ಈ ಪ್ರಶ್ನೆಗಳಿಗೆ ಉತ್ತರ ಹೇಳೋವರು ಇನ್ನೂ ಇದ್ದಾಗಲೇ ಕೇಳಿ.

ಒಂದು ಕುತೂಹಲ. 'ಹೋ. ಬಂ.' ಬೇಸಿಗೆಯಲ್ಲಿ ಮಾತ್ರ ಅಂದಿರಲ್ಲ. ಆ ದಿನಗಳ ಡ್ಯಾಂ ಮಟ್ಟ ಎಷ್ಟಿದೆ ನೋಡಿ ಹೇಳ್ತೀರಾ? ಮಳೆಗಾಲದ ಲೆಕ್ಕ ಇಡೋರು ಮೇ ತಿಂಗಳಲ್ಲಿ ಡ್ಯಾಂ ಮಟ್ಟ ಯಾಕೆ ಬರೀತಾರೆ ಅಂತ ನನಗೆ ಅರ್ಥ ಆಗ್ತಿಲ್ಲ.


ಮಸ್ಕತ್_ಕುಂದಾಪುರ:

ನಾನು ಅಜ್ಜನ ಮುಖ ಕೊನೆಗೆ ನೋಡಿದ್ದು ವಿಡಿಯೋ ಕಾಲ್‌ನಲ್ಲಿ, ಅದೂ ಯಾರೋ ಫೋನ್ ಹಿಡಿದ ಕೈ ನಡುಗ್ತಾ ಇತ್ತು. ಟಿಕೆಟ್ ಸಿಗೋ ಹೊತ್ತಿಗೆ ಎಲ್ಲ ಮುಗಿದಿತ್ತು.

ನನ್ನ ಹತ್ತಿರ ಇರೋದು ವಾಟ್ಸಾಪ್‌ನಲ್ಲಿ ಅವರು ಕಳಿಸಿದ ಒಂಬತ್ತು ವಾಯ್ಸ್ ಮೆಸೇಜ್. ಅದರಲ್ಲಿ ಆರು ತಪ್ಪಿ ಒತ್ತಿದ್ದು. ಒಂದರಲ್ಲಿ ಬರೀ ಮಳೆ ಶಬ್ದ, ಒಂದರಲ್ಲಿ ಅಜ್ಜಿ ಹತ್ರ 'ಇದ್ ಹ್ಯಾಂಗ್ ಬಂದ್ ಮಾಡುದು' ಅಂತ ಕೇಳ್ತಾರೆ. ನಿಜವಾಗಿ ಕಳಿಸಿದ ಮೂರಕ್ಕಿಂತ ನಾನು ಜಾಸ್ತಿ ಕೇಳೋದು ಈ ಆರನ್ನೇ.

ಹೇಳೋಕೆ ಬಂದಿದ್ದು ಇಷ್ಟೇ, ಹೋದ ತಿಂಗಳು ಫೋನ್ ಬದಲಾಯಿಸುವಾಗ ಇವು ಹೋಗೇಬಿಟ್ಟವು ಅಂತ ಒಂದು ರಾತ್ರಿ ನಿದ್ದೆ ಇಲ್ಲದೆ ಕಳೆದೆ. ತಂಗಿಗೆ ಫಾರ್ವರ್ಡ್ ಮಾಡಿದ್ದೆ, ಅವಳ ಹತ್ತಿರ ಇತ್ತು, ಬಚಾವಾದೆ. ಓದ್ತಾ ಇರೋವರೆಲ್ಲ ಇವತ್ತೇ ಒಂದು ಕಾಪಿ ತೆಗೆದಿಟ್ಟುಕೊಳ್ಳಿ ಮಾರಾಯ್ರೆ, ನಾಳೆ ಅನ್ನಬೇಡಿ.


ಹಿನ್ನೀರು_ಹುಡುಗಿ:

ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡ್ತಿದೀನಿ, ತಡ ಆಯ್ತು. ಊರಿಗೆ ಹೋಗಿದ್ದೆ.

ಮಳೆ ಲೆಕ್ಕದವರೇ, ನೀವು ಕೇಳಿದ ಒಂದು ಪ್ರಶ್ನೆಗೆ ಎರಡು ದಿನ ಹೋಯ್ತು. ನಾನು, ಅಪ್ಪ ಇಬ್ಬರೂ ಜಗಲಿಯಲ್ಲಿ 41 ಡೈರಿ ಹರಡಿಕೊಂಡು ಕೂತೆವು. 'ಹೋ. ಬಂ.' ಒಟ್ಟು ಹನ್ನೊಂದು ಸಲ ಇದೆ. ಹನ್ನೊಂದೂ ಸಲ ಡ್ಯಾಂ ಮಟ್ಟ 1760 ಅಡಿಯಿಂದ ಕೆಳಗೆ. ಡ್ಯಾಂ ತುಂಬಿದರೆ 1819, ಅಂದರೆ ಸುಮಾರು ಅರವತ್ತು ಅಡಿ ಇಳಿದಾಗ. ಎಲ್ಲವೂ ಹಿಂದಿನ ವರ್ಷ ಮಳೆ ಕೈಕೊಟ್ಟ ಬೇಸಿಗೆಗಳು. ಮಳೆ ಚೆನ್ನಾಗಿ ಆದ ಮರುವರ್ಷ ಒಂದೂ ಇಲ್ಲ.

ಅಪ್ಪ ಅದನ್ನ ನೋಡಿ ಸುಮಾರು ಹೊತ್ತು ಸುಮ್ಮನೆ ಕೂತ. ಆಮೇಲೆ 'ಹಳೇಮನೆ' ಅಂದ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅಜ್ಜ ಹುಟ್ಟಿದ ಮನೆ, ತೋಟ, ಗದ್ದೆ ಎಲ್ಲ ಅದರೊಳಗೆ ಹೋಯ್ತು. ಆಗ ಅವನಿಗೆ ಇಪ್ಪತ್ತೈದು. ಈಗಿನ ಮನೆ ಆಮೇಲೆ ಮೇಲೆ ಬಂದು ಕಟ್ಟಿದ್ದು. ಜೋಗದಲ್ಲಿ ಕರೆಂಟು ತೆಗೆಯೋಕೆ ಮೊದಲೇ ಮಡೆನೂರಿನಲ್ಲಿ ಒಂದು ಅಣೆಕಟ್ಟು ಕಟ್ಟಿದ್ದರಲ್ಲ, ಹಿರೇಭಾಸ್ಕರ, ಅದೇ ಇಡಿಯಾಗಿ ಈ ನೀರಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೆ ಕಾಣುತ್ತೆ, ಜನ ನೋಡೋಕೆ ಹೋಗ್ತಾರೆ. ಅಣೆಕಟ್ಟೇ ಮುಳುಗಿದ ಕಡೆ ಒಂದು ಮನೆ ಯಾವ ಲೆಕ್ಕ, ಅಲ್ವಾ. ಅಜ್ಜ ಮುಳುಗಡೆ ವಿಷಯ ಮನೆಯಲ್ಲಿ ಮಾತಾಡ್ತಾನೇ ಇರಲಿಲ್ಲ. ಕೇಳಿದರೆ 'ಹೋತು ಬಿಡು' ಅನ್ನೋದು.

ಹೊಸನಗರದ ಕಡೆ ಅಜ್ಜನ ತಂಗಿ ಇದ್ದಾಳೆ. ಅದೇ ಮನೆಯಲ್ಲಿ ಹುಟ್ಟಿದವಳು. ಅಪ್ಪ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಅವಳಿಗೆ ಏನೂ ಆಶ್ಚರ್ಯ ಇಲ್ಲ. 'ಹೌದು, ಹೋಗಿ ಬಂದೆ ಅಂತ ಬರೀತಿದ್ದ' ಅಂದಳು, ನಮಗೆ ಗೊತ್ತಿಲ್ಲ ಅನ್ನೋದೇ ಅವಳಿಗೆ ಆಶ್ಚರ್ಯ. ನೀರು ಇಳಿದಾಗ ಬೆಳಗ್ಗೆ ಎದ್ದು ದನ ಹುಡುಕೋಕೆ ಅಂತ ಹೇಳಿ ಹೋಗ್ತಿದ್ದನಂತೆ. ಒಂದು ಸಲ ಅವಳು ತವರಿಗೆ ಬಂದಿದ್ದಾಗ ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದವನು ಬಚ್ಚಲಲ್ಲಿ ಕಾಲು ತೊಳೀತಾ ಅವಳಿಗೆ ಮಾತ್ರ ಕೇಳೋ ಹಾಗೆ ಹೇಳಿದನಂತೆ: 'ಅಂಗಳ ಹಾಂಗೇ ಇದ್ದು. ತುಳಸಿಕಟ್ಟೆಗೆ ಒಂದು ಕಲ್ಲು ಕಮ್ಮಿ ಆಯ್ದು.' ಇನ್ನೊಂದು ಸಲ ಹೋದಾಗ ಆ ಕಲ್ಲನ್ನ ಎಲ್ಲಿಂದಲೋ ಹುಡುಕಿ ತಂದು ಇಟ್ಟು ಬಂದನಂತೆ. ವರ್ಷದಲ್ಲಿ ಹನ್ನೊಂದು ತಿಂಗಳು ನೀರಲ್ಲಿರೋ ಕಟ್ಟೆಗೆ!

2017ರ ಮೇ ತಿಂಗಳಲ್ಲಿ ಕೊನೆಯ 'ಹೋ. ಬಂ.' ಇದೆ. ಆಗ 78 ವರ್ಷ. ಆಮೇಲೆ 2024ರಲ್ಲಿ ನೀರು ಮತ್ತೆ ಅಷ್ಟು ಇಳಿದಿತ್ತು, 2023ರ ಮಳೆ ನಿಮಗೆಲ್ಲ ನೆನಪಿರಬೇಕು. ಆ ಪುಟದಲ್ಲಿ ಹೀಗಿದೆ:

'ಡ್ಯಾಂ 1748. ಹೋ. ಆಗಲಿಲ್ಲ.'

ಆವತ್ತು ನಾನು ಊರಲ್ಲೇ ಇದ್ದೆ. ಮೊಬೈಲ್ ನೋಡ್ತಾ ಜಗಲಿ ಮೇಲೆ ಬಿದ್ಕೊಂಡಿದ್ದೆ. 'ಸ್ಕೂಟಿ ಇದ್ದಾ ನಿಂದು' ಅಂತ ಕೇಳಿದ್ದ. ಪೆಟ್ರೋಲ್ ಇಲ್ಲ ಅಜ್ಜ, ನಾಳೆ ಹೋಗೋಣ, ಎಲ್ಲಿಗೆ ಅಂದೆ. 'ಸುಮ್ನೆ' ಅಂದ. ಮರುದಿನ ನಾನು ಬೆಂಗಳೂರಿಗೆ ಬಸ್ ಹತ್ತಿದೆ. ಇದನ್ನ ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಮೊದಲು ಹೇಳ್ತಿರೋದು.

ಬೆಂಚು ಬೇಡ ಅಂತ ಆಯ್ತು, ದೊಡ್ಡಪ್ಪ ಸ್ವಲ್ಪ ಮುನಿಸಿಕೊಂಡಿದ್ದಾನೆ. ಪುಸ್ತಕವೂ ಸದ್ಯಕ್ಕೆ ಇಲ್ಲ. ಅತ್ತೆ ಮಾತ್ರ 'ಮದುವೆ. ಮಳೆ ಇಲ್ಲ.' ಪುಟದ ಫೋಟೋ ಕೇಳಿದಳು, ಕಳಿಸಿದೆ, ಪ್ರೊಫೈಲ್ ಫೋಟೋ ಹಾಕಿಕೊಂಡಿದ್ದಾಳೆ. ಸಾಲದ ಪಟ್ಟಿಯ ಪುಟಗಳ ಫೋಟೋ ತೆಗೆದಿದೀನಿ, ಆದರೆ ಬೇರೆ ಫೋಲ್ಡರಿನಲ್ಲಿ ಇಟ್ಟು ಯಾರಿಗೂ ಕಳಿಸಿಲ್ಲ. ಇರಲಿ.

ಮಳೆ ಅಳೀತಿದ್ದದ್ದು ಅಂಗಳದ ಆಚೆ ಗೂಟಕ್ಕೆ ಕಟ್ಟಿದ ಗಾಜಿನ ಕೊಳವೆಯಲ್ಲಿ, ಬೆಳಗ್ಗೆ ಏಳಕ್ಕೆ, ಚಹಾ ಕುಡಿದ ಮೇಲೆ. ಇದು ಅಪ್ಪನಿಗೆ ಚೆನ್ನಾಗಿ ಗೊತ್ತು. ಕೊಳವೆ ಇನ್ನೂ ಅಲ್ಲೇ ಇದೆ, ಒಳಗೆ ಜೇಡ ಗೂಡು ಕಟ್ಟಿತ್ತು.

ಹಳೇಮನೆ ಜಾಗ ಎಲ್ಲಿ ಅಂತ ಸರಿಯಾಗಿ ಗೊತ್ತಿರೋದು ಈಗ ಸಣ್ಣಜ್ಜಿ ಒಬ್ಬಳಿಗೇ. ನೀರು ಇಳಿದ ವರ್ಷ ಕರ್ಕೊಂಡು ಹೋಗಿ ಅಂದಿದ್ದಾಳೆ, ಅವಳಿಗೆ 82. ಹೋದ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಈ ಸಲ ಅಷ್ಟು ಕೆಳಗೆ ಹೋಗೋದು ಅನುಮಾನ ಅಂತ ಅಪ್ಪ. ತೋಟಕ್ಕೆ ಮಳೆ ಬೇಕು, ಸಣ್ಣಜ್ಜಿಗೆ ಬೇಡ. ಯಾವುದನ್ನ ಕೇಳಿಕೊಳ್ಳೋದು ಅಂತ ಗೊತ್ತಾಗ್ತಿಲ್ಲ.

ನಾನು ಹೊರಡೋ ದಿನ ಬೆಳಗ್ಗೆ ನೋಡಿದರೆ ಅಪ್ಪ ಕೊಳವೆ ತೊಳೆದು ಮತ್ತೆ ಗೂಟಕ್ಕೆ ಕಟ್ಟಿದ್ದ. 2025ರ ಡೈರಿಯಲ್ಲಿ ಅಜ್ಜ ಬಿಟ್ಟ ಪುಟದ ಮುಂದಿನ ಪುಟ ತೆಗೆದು, ಅಚ್ಚಾಗಿದ್ದ ತಾರೀಕು ಹೊಡೆದು ಆವತ್ತಿನ ತಾರೀಕು ಹಾಕಿದ್ದ. ಕೆಳಗೆ 'ಮಳೆ ಇಲ್ಲ' ಅಂತ ಇತ್ತು. ಅದರ ಮುಂದೆ 'ಡ್ಯಾಂ' ಅಂತ ಬರೆದು ಜಾಗ ಬಿಟ್ಟಿದ್ದ. ನಮ್ಮೂರಿಗೆ ಪೇಪರ್ ಬರೋದು ಹನ್ನೊಂದು ಗಂಟೆಗೆ.